ಮೂರು ಖಾನೆಯಲ್ಲಿ ಹನ್ನೆರಡು ಬಿ

೦.

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ತಿಳಿಯದೆ ಮೂರು ದಿನದಿಂದ ತಲೆ ಕೆರೆದುಕೊಂಡು ಕೂತಿದ್ದೇನೆ. ಆಸ್ಪತ್ರೆಯಿಂದ ಶುರು ಮಾಡಿದರೆ ನೀವು ಕರ್ಚೀಫು ಹಿಡಿದು ರೆಡಿಯಾಗಿಬಿಡುತ್ತೀರಿ. ಕಂಪ್ಯೂಟರಿನಿಂದ ಶುರು ಮಾಡಿದರೆ ಪುಟ ತಿರುಗಿಸಿಬಿಡುತ್ತೀರಿ. ನಿಮ್ಮನ್ನು ದೂರುತ್ತಿಲ್ಲ, ನಾನೂ ಹಾಗೇ ಮಾಡುವವನು.

(ಈ ಭಾಗಕ್ಕೆ ೧ ಎಂದು ನಂಬರ್ ಹಾಕಿದ್ದೆ. ಕಥಾನಾಯಕಿ ಅದನ್ನು ಹೊಡೆದುಹಾಕಿ ಸೊನ್ನೆ ಬರೆದಿದ್ದಾಳೆ. ಅವಳ ಕಸುಬಿನಲ್ಲಿ ಎಣಿಕೆ ಸೊನ್ನೆಯಿಂದಲೇ ಶುರುವಂತೆ. ಇನ್ನೂ ಕಥೆಯೊಳಗೆ ಕಾಲಿಟ್ಟಿಲ್ಲ, ಆಗಲೇ ತಿದ್ದುಪಡಿ.)

ಮೊದಲ ಡ್ರಾಫ್ಟಿನ ಮೊದಲ ಸಾಲು ಹೀಗಿತ್ತು: "ಒಂದೇ ಒಂದು ಅಕ್ಷರದ ತಪ್ಪಿನಿಂದ ಆ ರಾಕೆಟ್ ಆಕಾಶದಲ್ಲೇ ಸಿಡಿದು ಚೂರಾಯಿತು." ಭಲೇ ಅನ್ನಿಸಿತ್ತು ನನಗೆ. ಅವಳು ಓದಿ, ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡಳು.

"ಯಾವ ರಾಕೆಟ್ ಸಾರ್? ನಾವು ಮಾಡೋದು ಗಂಟೆ."

"ಗಂಟೆ ಅಂದ್ರೆ ಯಾರು ಓದ್ತಾರಮ್ಮ?"

"ಗಂಟೆ ಒತ್ತಿದೋರು ಓದ್ತಾರೆ," ಅಂದಳು. ರಾಕೆಟ್ಟನ್ನು ಹರಿದು ಬುಟ್ಟಿಗೆ ಹಾಕಿದೆ.

೧.

ಹಾಗಾದರೆ ಗಂಟೆಯಿಂದಲೇ ಶುರು. ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಕಂಪನಿ. ಆಸ್ಪತ್ರೆಗಳಿಗೆ ಕರೆಗಂಟೆ ಮಾಡಿಕೊಡುವುದು ಅದರ ಕೆಲಸ. ರೋಗಿ ತನ್ನ ಹಾಸಿಗೆಯ ಪಕ್ಕದ ಗುಂಡಿ ಒತ್ತಿದರೆ, ನರ್ಸ್‌ಗಳು ಕೂರುವ ಕಡೆ ಗೋಡೆಯ ಮೇಲಿನ ಪುಟ್ಟ ಪ್ಯಾನೆಲ್ ಕಿಣಿಕಿಣಿ ಎಂದು ಬೆಡ್ಡಿನ ನಂಬರ್ ತೋರಿಸುತ್ತದೆ. ಅಷ್ಟೇ. ಆ ಪ್ಯಾನೆಲ್ಲಿನೊಳಗೆ ಓಡುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದವಳು ನಮ್ಮ ನಾಯಕಿ. ವಯಸ್ಸು ಐವತ್ತೆರಡು. ಎದುರಿಗೆ ಎಲ್ಲರೂ ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ಸೊನ್ನೆಯಮ್ಮ.

ಯಾಕೆ ಸೊನ್ನೆಯಮ್ಮ ಅಂದರೆ ಅದಕ್ಕೊಂದು ಸಣ್ಣ ಪಾಠ ಬೇಕು. (ಓಡಬೇಡಿ. ಒಂದೇ ಪ್ಯಾರಾ.) ಅವಳ ಅತ್ತೆ ಇಟ್ಟುಕೊಂಡಿರುವಂಥ ಮಾತ್ರೆ ಡಬ್ಬಿ ನೋಡಿದ್ದೀರಾ, ಸಾಲಾಗಿ ಖಾನೆಗಳಿರುವ ಪ್ಲಾಸ್ಟಿಕ್ಕಿನದು? ಸಿ ಭಾಷೆಯಲ್ಲಿ ಒಂದು ಪದವನ್ನು ಇಡುವುದು ಅಂಥದೇ ಡಬ್ಬಿಯಲ್ಲಿ, ಖಾನೆಗೊಂದು ಅಕ್ಷರ. ಪದ ಮುಗಿದ ಮೇಲೆ ಮುಂದಿನ ಖಾನೆಯಲ್ಲಿ ಒಂದು ಸೊನ್ನೆ ಇಡಬೇಕು. ಯಂತ್ರ ಮೊದಲ ಖಾನೆಯಿಂದ ಓದುತ್ತಾ ಬಂದು ಸೊನ್ನೆ ಸಿಕ್ಕಿದ ಕಡೆ ನಿಲ್ಲುತ್ತದೆ. ಸೊನ್ನೆಗೆ ಜಾಗ ಬಿಡದಿದ್ದರೆ ನಿಲ್ಲುವುದು ಎಲ್ಲಿ ಎಂದು ಅದಕ್ಕೆ ತಿಳಿಯದು. ಪಕ್ಕದವರ ಡಬ್ಬಿಗೂ ಕೈ ಹಾಕಿ ಸಿಕ್ಕಿದ್ದನ್ನೆಲ್ಲ ಓದಿಕೊಂಡು ಹೋಗುತ್ತದೆ. ಹಾಗಾಗಿ ಯಾರೇ ಕೋಡ್ ತೋರಿಸಲು ಬಂದರೂ ಅವಳ ಮೊದಲ ಮಾತು, "ಸೊನ್ನೆಗೆ ಜಾಗ ಬಿಟ್ರಾ?" ರಜೆ ಚೀಟಿ ಹಿಡಿದು ಬಂದವರನ್ನೂ ಒಮ್ಮೆ ಅಭ್ಯಾಸಬಲದಿಂದ ಹೀಗೇ ಕೇಳಿದ್ದಳಂತೆ.

"ಅದು ಸುಳ್ಳು," ಅನ್ನುತ್ತಾಳೆ ಅವಳು.

ಇರಲಿ, ನನಗೆ ಇಷ್ಟವಾಗಿದೆ. ಇಟ್ಟುಕೊಳ್ಳುತ್ತೇನೆ.

೨.

ಒಂದು ಮಂಗಳವಾರ ಬೆಳಿಗ್ಗೆ ಮ್ಯಾನೇಜರ್ ಒಂದು ಕಾಗದ ತಂದು ಅವಳ ಮೇಜಿನ ಮೇಲಿಟ್ಟ. ಒಂದು ಆಸ್ಪತ್ರೆಯಿಂದ ಬಂದದ್ದು. ಅಲ್ಲಿ ಒಬ್ಬ ರೋಗಿ ಮೂರು ಸಲ ಗಂಟೆ ಒತ್ತಿದರೂ ನರ್ಸ್ ಬರಲಿಲ್ಲ. ಆತ ತಾನೇ ಎದ್ದು ಬಾತ್‌ರೂಮಿಗೆ ಹೊರಟು, ಬಿದ್ದು, ಕೈ ಮುರಿದುಕೊಂಡ. ಗುರುವಾರ ಹನ್ನೊಂದಕ್ಕೆ ವಿಚಾರಣೆ. ನರ್ಸಿನ ತಪ್ಪು ಎಂದಾದರೆ ಇಪ್ಪತ್ತಾರು ವರ್ಷದ ಕೆಲಸ ಹೋಗುತ್ತದೆ, ಮುಂದೆ ಎಲ್ಲೂ ನರ್ಸಾಗಿ ದುಡಿಯದ ಹಾಗೆ ಲೈಸೆನ್ಸೂ ಹೋಗುತ್ತದೆ. ಕಂಪನಿಯಿಂದ ಬೇಕಿದ್ದದ್ದು ಎರಡು ಸಾಲು: ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು, ಅದರ ದಾಖಲೆ ಹೀಗಿದೆ. ಕೆಳಗೆ ಸೊನ್ನೆಯಮ್ಮನ ಸಹಿ.

ದಾಖಲೆ ಸ್ಪಷ್ಟವಾಗಿತ್ತು. ಮಧ್ಯಾಹ್ನ ಮೂರು ಹತ್ತು, ಬೆಡ್ 12B. ಮೂರು ಹದಿನಾರು, ಬೆಡ್ 12B. ಮೂರು ಇಪ್ಪತ್ತೊಂದು, ಬೆಡ್ 12B. ಯಂತ್ರ ಕೂಗಿದೆ, ನರ್ಸ್ ಹೋಗಿಲ್ಲ. ಸಹಿ ಹಾಕಲು ಅವಳು ಪೆನ್ನಿನ ಮುಚ್ಚಳ ತೆಗೆದಳು.

ಆದರೆ ಜೊತೆಯಲ್ಲಿ ಸಿಸ್ಟರಿನ ಹೇಳಿಕೆಯೂ ಪಿನ್ ಮಾಡಿಟ್ಟಿತ್ತು. ನೀಲಿ ಶಾಯಿ, ದುಂಡನೆಯ ಅಕ್ಷರ. "ಪ್ಯಾನೆಲ್ ಮೇಲೆ 12 ಎಂದೇ ಇತ್ತು. ನಾನು 12ಕ್ಕೆ ಹೋದೆ. ಆ ರೋಗಿ ಮಲಗಿದ್ದರು. ಮೊಣಕೈ ತಾಗಿ ಗಂಟೆ ಆಗಿರಬೇಕೆಂದು ಗುಂಡಿಯನ್ನು ದೂರ ಸರಿಸಿದೆ. ಹೀಗೆ ಮೂರು ಸಲ ಹೋದೆ."

ಮೂರು ಸಲ. ಅವಳು ಪೆನ್ನಿನ ಮುಚ್ಚಳ ಮತ್ತೆ ಹಾಕಿದಳು. ಸುಳ್ಳು ಹೇಳುವವರು ಒಂದು ಸಲ ಹೋದೆ ಅನ್ನುತ್ತಾರೆ. ಮಲಗಿದವನ ಹತ್ತಿರ ಮೂರು ಸಲ ಹೋಗಿ, ಗುಂಡಿ ಸರಿಸಿ ಬಂದೆ ಎಂದು ಯಾರೂ ಕಟ್ಟಿ ಹೇಳುವುದಿಲ್ಲ ಅನ್ನಿಸಿತು ಅವಳಿಗೆ.

೩.

ಈಗ ನಾನು ಆಸ್ಪತ್ರೆಯ ದೃಶ್ಯ ಬರೆಯಬೇಕು. ಬರೆದಿದ್ದೆ ಕೂಡ: "ಸಿಸ್ಟರ್ ಕಿಟಕಿಯ ಸರಳು ಹಿಡಿದು ಬಿಕ್ಕಿ ಬಿಕ್ಕಿ ಅತ್ತರು."

ಮರುದಿನ ಸಿಸ್ಟರೇ ಬಂದರು. ಎತ್ತರದ ಹೆಂಗಸು, ಕೈಯಲ್ಲಿ ನನ್ನದೇ ಹಾಳೆ.

"ಇದೇನಿದು? ನಾನ್ಯಾವಾಗ ಅತ್ತೆ?"

"ಒಂದ್ಸ್ವಲ್ಪ ಭಾವನೆ ಇರ್ಲಿ ಅಂತ ಸಿಸ್ಟರ್..."

"ಆವತ್ತು ನನ್ನ ಕೈಲಿ ಹದಿನೆಂಟು ಪೇಷಂಟು. ಅಳೋಕ್ಕೆ ಪುರುಸೊತ್ತೆಲ್ಲಿತ್ತು? ಬಿದ್ದೋರ ಕೈಗೆ ಪಟ್ಟಿ ಕಟ್ಟಿದೆ, ಡಾಕ್ಟರನ್ನ ಕರೆಸಿದೆ, ಚಾರ್ಟ್ ಬರೆದೆ. ಆಮೇಲೆ ಕಣ್ಣು ಟೆಸ್ಟ್ ಮಾಡಿಸ್ಕೊಂಡೆ."

"ಕಣ್ಣು ಟೆಸ್ಟಾ?"

"ಮತ್ತೆ? ಎಲ್ರೂ 12B ಅಂತಾರೆ, ನಂಗೆ 12 ಕಾಣ್ಸಿದೆ. ಕಣ್ಣೇ ಕೆಟ್ಟಿರ್ಬೇಕು ಅಂದ್ಕೊಂಡೆ. ಡಾಕ್ಟ್ರು ಕಣ್ಣು ಚೆನ್ನಾಗಿದೆ ಅಂದ್ರು. ಆಗ ನಂಗೆ ಹೆದ್ರಿಕೆ ಆಯ್ತು ನೋಡಿ, ತಲೆ ಕೆಟ್ಟಿದೆಯೇನೋ ಅಂತ."

ಇದು ನನ್ನ ಕಿಟಕಿಯ ಸರಳಿಗಿಂತ ಎಷ್ಟೋ ಪಾಲು ಮೇಲು ಎಂದು ಒಪ್ಪಿಕೊಂಡು ಹಾಳೆ ವಾಪಸ್ ಇಸಿದುಕೊಂಡೆ.

೩. (ಮತ್ತೆ)

ನಡೆದದ್ದು ಇಷ್ಟು. ಆವತ್ತು ಬೆಳಿಗ್ಗೆ ವಾರ್ಡ್ ಭರ್ತಿಯಾಗಿತ್ತು. ಕಾರಿಡಾರಿನ ಕೊನೆಯ ತಿರುವಿನಲ್ಲಿದ್ದ ಸ್ಟೋರ್ ರೂಮನ್ನು ಖಾಲಿ ಮಾಡಿ ಒಂದು ಎಕ್ಸ್‌ಟ್ರಾ ಬೆಡ್ ಹಾಕಿದರು. ನಂಬರ್ ಯಾವುದೂ ಉಳಿದಿರಲಿಲ್ಲ, ಅದಕ್ಕೆ 12B ಎಂದು ಕರೆದರು. 12ಕ್ಕೂ 12Bಗೂ ನಡುವೆ ಅರ್ಧ ಕಾರಿಡಾರ್. ಅಲ್ಲಿ ಮಲಗಿದ್ದವರು ಒಬ್ಬ ಬಡಗಿ, ಮಂಡಿ ಆಪರೇಷನ್ ಆದವರು. ಅವರು ಬಿದ್ದ ಸಂಜೆಯೇ ಆಸ್ಪತ್ರೆಯವರು ಹೆದರಿ ಆ ಬೆಡ್ಡನ್ನು ಎತ್ತಿಸಿ, ವೈರು ಬಿಚ್ಚಿಸಿ, ಸ್ಟೋರ್ ರೂಮಿಗೆ ಬೀಗ ಹಾಕಿದರು. ಮಾರನೆಯ ದಿನ ಪರೀಕ್ಷೆ ಮಾಡಲು ಬಂದ ಮೆಕ್ಯಾನಿಕ್ ಇದ್ದ ಬೆಡ್ಡುಗಳ ಗುಂಡಿಗಳನ್ನು ಒತ್ತಿ ನೋಡಿದ. 11 ಒತ್ತಿದರೆ 11, 12 ಒತ್ತಿದರೆ 12. ಎಲ್ಲ ಸರಿಯಾಗಿದೆ ಎಂದು ಬರೆದು ಹೋದ.

೪.

ಸೊನ್ನೆಯಮ್ಮ ಹಳೆಯ ಕೋಡ್ ತೆರೆದಳು. ಹನ್ನೊಂದು ವರ್ಷ ಹಳೆಯದು.

ಆ ಕಾಲದ ಕಥೆ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಇದ್ದವರು ಡಬ್ಬಿಯ ಅಳತೆ ನೋಡದೆ ಅಕ್ಷರ ಸುರಿಯುವಂತೆ ಬರೆದಿದ್ದರು. ಒಂದು ವಾರ್ಡಿನ ಹೆಸರು ಉದ್ದವಾಗಿ, ಡಬ್ಬಿ ತುಂಬಿ ಪಕ್ಕಕ್ಕೆ ಚೆಲ್ಲಿ, ಪ್ಯಾನೆಲ್ ಸತ್ತುಬಿದ್ದಿತ್ತು. ಇವಳು ಒಂದು ವಾರ ಕೂತು ಅಂಥ ಅರವತ್ತನಾಲ್ಕು ಜಾಗ ಹುಡುಕಿ, ಒಂದೊಂದನ್ನೂ ತಿದ್ದಿದಳು. ಕೇಕ್ ಕತ್ತರಿಸಿದ್ದರು. ಒಂದು ಗೋಡೆ ಗಡಿಯಾರ ಬಹುಮಾನ ಕೊಟ್ಟಿದ್ದರು. ಆ ಅರವತ್ತನಾಲ್ಕರಲ್ಲಿ ಒಂದು ಈ ಸಾಲು:

snprintf(bed, sizeof bed, "%s", from); // Safe now

(ಎಡಿಟರ್ ಈ ಸಾಲನ್ನು ತೆಗೆಯಿರಿ ಅನ್ನುತ್ತಾರೆ. ನಾನು ಕೊಡುವುದಿಲ್ಲ. ಕಥೆಯ ಖಳನಾಯಕನ ಮುಖ ತೋರಿಸದೆ ಇರಲು ಆಗುತ್ತದೆಯೇ?)

"ಖಳನಾಯಕ ಅನ್ಬೇಡಿ," ಎಂದಳು ಅವಳು ನನ್ನ ಹೆಗಲ ಮೇಲಿಂದ ಬಗ್ಗಿ. "ಅದು ಪಾಪದ್ದು. ತನ್ನ ಕೆಲಸ ಸರಿಯಾಗೇ ಮಾಡಿದೆ."

ಏನು ಮಾಡಿದೆ ಅಂದರೆ: ಬೆಡ್ ನಂಬರಿನ ಡಬ್ಬಿಗೆ ಮೂರೇ ಖಾನೆ. ಎರಡು ಅಂಕಿ, ಒಂದು ಸೊನ್ನೆ. ಆವತ್ತಿನ ಮಟ್ಟಿಗೆ ಧಾರಾಳ, ಯಾವ ವಾರ್ಡಿನಲ್ಲೂ ನೂರು ಬೆಡ್ ಇರಲಿಲ್ಲ. 12B ಬಂದಾಗ ಈ ಸಾಲು ಚೆಲ್ಲಲಿಲ್ಲ. 1 ಇಟ್ಟಿತು, 2 ಇಟ್ಟಿತು, ಕೊನೆಗೆ ಸೊನ್ನೆಯನ್ನೂ ಮರೆಯದೆ ಇಟ್ಟಿತು. B ಹಿಡಿಸಲಿಲ್ಲ, ಬಿಟ್ಟಿತು. ದಾಖಲೆ ಮಾತ್ರ ಕತ್ತರಿ ಬೀಳುವ ಮೊದಲೇ ಬರೆದಿಟ್ಟದ್ದು, ಹಾಗಾಗಿ ಅಲ್ಲಿ 12B ಪೂರ್ತಿ ಇತ್ತು. ಗೋಡೆಯ ಪ್ಯಾನೆಲ್ ಮೇಲೆ 12.

ವಾರ್ಡಿನ ಹೆಸರು ಅರ್ಧಕ್ಕೆ ನಿಂತರೂ ಜನ ಊಹಿಸಿಕೊಳ್ಳುತ್ತಾರೆ. ಅರ್ಧಕ್ಕೆ ನಿಂತ ನಂಬರ್ ಬೇರೆ ಯಾರದ್ದೋ ನಂಬರ್ ಆಗಿಬಿಡುತ್ತದೆ. ಇದು ಅವಳಿಗೆ ಹನ್ನೊಂದು ವರ್ಷ ಹೊಳೆದಿರಲಿಲ್ಲ.

ಇನ್ನೂ ಒಂದಿತ್ತು. ಈ ಸಾಲು ಕೆಲಸ ಮುಗಿಸಿ ಸುಮ್ಮನೆ ಹೋಗುವುದಿಲ್ಲ. ಪ್ರತಿ ಸಲವೂ ವಾಪಸ್ ಬಂದು ಒಂದು ಸಂಖ್ಯೆ ಹೇಳುತ್ತದೆ: ನೀನು ಕೊಟ್ಟ ಪದಕ್ಕೆ ನಿಜಕ್ಕೂ ಇಷ್ಟು ಅಕ್ಷರದ ಜಾಗ ಬೇಕಿತ್ತು. ಆವತ್ತು ಮೂರು ಸಲವೂ ಅದು ಮೂರು ಎಂದು ಹೇಳಿತ್ತು. ಇದ್ದ ಜಾಗ ಎರಡೇ. ಒಂದು ಇಫ್, ಅಂದರೆ ‘ಹೀಗಾದರೆ ಹಾಗೆ ಮಾಡು’ ಎನ್ನುವ ಸಾಲು, ಹಾಕಿ ಕೇಳಿಸಿಕೊಂಡಿದ್ದರೆ ಸಾಕಿತ್ತು. ಅವಳು ಹಾಕಿರಲಿಲ್ಲ. ಯಂತ್ರ ಹೇಳಿದ್ದನ್ನು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ, ಸಿಸ್ಟರ್ ಹೇಳಿದ್ದನ್ನು ಆಸ್ಪತ್ರೆ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಕುರ್ಚಿಯಿಂದ ಎದ್ದು ನೀರು ಕುಡಿದು ಬಂದು ಮತ್ತೆ ಕೂತಳು. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

೫.

ಮ್ಯಾನೇಜರ್ ಕೆಟ್ಟವನಲ್ಲ. (ಕೆಟ್ಟವನಾಗಿದ್ದರೆ ನನಗೆ ಬರೆಯಲು ಸಲೀಸಾಗುತ್ತಿತ್ತು.) ಬಾಗಿಲು ಮುಂದೆ ಮಾಡಿಕೊಂಡು ಮೆಲ್ಲಗೆ ಕೇಳಿದ:

"ಮೇಡಂ, ದಾಖಲೆ ಸರಿ ಇದೆ ಅಲ್ವಾ?"

"ಇದೆ."

"ಹಾಗಿದ್ರೆ ದಾಖಲೆ ಸರಿ ಇದೆ ಅಂತ ಮಾತ್ರ ಬರೆದ್ಕೊಡಿ. ಅದು ಸುಳ್ಳಲ್ಲ."

"ಪ್ಯಾನೆಲ್ ವಿಷ್ಯ?"

"ಅವ್ರು ಕೇಳಿಲ್ಲ ತಾನೆ."

"ಪೂರ್ತಿ ಹಿಡಿಸದೆ ಇದ್ದಾಗ ಹಿಡಿಸಿದಷ್ಟು ಹೇಳಿ ಸುಮ್ನಾಗೋದು," ಎಂದಳು ಅವಳು. "ಅದನ್ನೇ ಅಲ್ವಾ ನನ್ನ ಕೋಡೂ ಮಾಡಿದ್ದು."

ಅವನು ಮುಖ ಉಜ್ಜಿಕೊಂಡ. "ಮುನ್ನೂರ ನಲವತ್ತು ಆಸ್ಪತ್ರೆ ಇದೆ ಮೇಡಂ ನಮ್ದು. ಕಂಪನಿ ಮುಚ್ಕೊಂಡು ಹೋದ್ರೆ ನಾವೆಲ್ಲ ಎಲ್ಲಿಗ್ ಹೋಗೋದು?"

ಅವಳು ಸಹಿಯಾಗದ ಕಾಗದ ಎತ್ತಿಕೊಂಡು ಹೊರಗೆ ಬಂದಳು.

ಇಲ್ಲಿ ನಿಮಗೆ ಎರಡು ಅಂತ್ಯ ಕೊಡುತ್ತೇನೆ, ಆರಿಸಿಕೊಳ್ಳಿ.

ಅಂತ್ಯ ಅ: ಅವಳು ಸಹಿ ಹಾಕುತ್ತಾಳೆ. ಸಿಸ್ಟರ್ ಕೆಲಸ ಕಳೆದುಕೊಳ್ಳುತ್ತಾರೆ. ವರ್ಷಗಳ ನಂತರ ಇಬ್ಬರೂ ಒಂದು ಬಸ್ ಸ್ಟಾಪಿನಲ್ಲಿ ಪರಿಚಯವಿಲ್ಲದೆ ಪಕ್ಕಪಕ್ಕ ನಿಲ್ಲುತ್ತಾರೆ. ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ, ಬಹಳ ಸಾಹಿತ್ಯಿಕವಾಗಿ ಬಂದಿತ್ತು. ಸೊನ್ನೆಯಮ್ಮ ಓದಿ, "ನಿಮ್ಗೆ ನನ್ಮೇಲೆ ಇಷ್ಟೇನಾ ನಂಬಿಕೆ?" ಅಂದಳು. ನನ್ನ ಮುಖ ಸಣ್ಣದಾಯಿತು.

ಅಂತ್ಯ ಆ: ವಿಚಾರಣೆಯಲ್ಲಿ ಅವಳು ಎದ್ದು ನಿಂತು ಸತ್ಯ ಹೇಳುತ್ತಾಳೆ, ಸಭೆಯೆಲ್ಲ ಚಪ್ಪಾಳೆ ತಟ್ಟುತ್ತದೆ. ಇದಕ್ಕೆ ತಕರಾರು ತೆಗೆದವರು ಸಿಸ್ಟರ್. "ಸಭೆಯೆಲ್ಲ ಅಂದ್ರೆ ಯಾರು? ಆ ರೂಮಲ್ಲಿ ಇರೋದೇ ಆರು ಕುರ್ಚಿ."

ಎರಡೂ ಬುಟ್ಟಿಗೆ ಹೋದವು.

೬.

ಬುಧವಾರ ಸಂಜೆ ಅವಳು ಅಡುಗೆಮನೆಯಲ್ಲಿ ಅತ್ತೆಯ ಎದುರು ಕೂತು ಬಟಾಣಿ ಸುಲಿಯುತ್ತಿದ್ದಳು. ಅತ್ತೆಗೆ ಎಪ್ಪತ್ತೊಂಬತ್ತು. ಸೊಸೆ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ ಎಂದು ಅವರು ಗಮನಿಸಿದ್ದರು. ಏನಾಯ್ತು ಅಂದರು. ಇವಳು ಸಿಪ್ಪೆಯನ್ನೇ ಖಾನೆ ಮಾಡಿ, ಮೂರು ಕಾಳು ಇಟ್ಟು, ಎಲ್ಲ ತೋರಿಸಿ ಹೇಳಿದಳು.

"ಅಷ್ಟೇನಾ?" ಅಂದರು ಅತ್ತೆ.

"ಅಷ್ಟೇ."

"ದೊಡ್ಡ ಡಬ್ಬಿ ಇಟ್ರೆ ಸರಿಹೋಗುತ್ತಾ?"

"ದೊಡ್ಡದೂ ಒಂದಿನ ಸಾಲದೆ ಬರುತ್ತೆ ಅತ್ತೆ. ಸಾಲದೆ ಬಂದಾಗ ನಂಬರ್ ತೋರಿಸ್ಲೇಬಾರ್ದು. ಗೊತ್ತಾಗ್ತಿಲ್ಲ, ಎಲ್ಲಾ ಕಡೆ ಹೋಗಿ ನೋಡಿ ಅಂತ ಜೋರಾಗಿ ಬಡ್ಕೋಬೇಕು."

"ನೀನು ಇನ್ನೂ ಯಾಕೆ ಬಡ್ಕೊಂಡಿಲ್ಲ?"

ಅವಳು ಕೈಯಲ್ಲಿದ್ದ ಸಿಪ್ಪೆ ಕೆಳಗಿಟ್ಟಳು. "ಹೆದ್ರಿಕೆ ಆಗುತ್ತೆ ಅತ್ತೆ. ಹನ್ನೊಂದು ವರ್ಷ ಎಲ್ರಿಗೂ ಪಾಠ ಹೇಳ್ಕೊಂಡ್ ಬಂದಿದೀನಿ."

"ಹೆದ್ರಿಕೆ ಆಗ್ಲಿ ಬಿಡು," ಅಂದರು ಅತ್ತೆ. "ಎಷ್ಟ್ ಗಂಟೆಗಂತೆ ನಾಳೆ?"

(ಇಲ್ಲಿ ಅತ್ತೆಯ ಬಾಯಲ್ಲಿ ಒಂದು ದೊಡ್ಡ ಮಾತು ಹೇಳಿಸಬೇಕೆಂದು ಬಹಳ ಆಸೆಯಿತ್ತು. ಅವರು ಬಟಾಣಿ ಬಟ್ಟಲು ಎತ್ತಿಕೊಂಡು ಎದ್ದು ಹೋದರು.)

೭.

ಗುರುವಾರ ಬೆಳಿಗ್ಗೆ ಅವಳು ಸ್ಟಾಕಿನಿಂದ ಒಂದು ಪ್ಯಾನೆಲ್ ಕೇಳಲು ಹೋದಾಗ ಮ್ಯಾನೇಜರ್ ಗೇಟ್ ಪಾಸ್ ಪುಸ್ತಕ ಎದುರಿಗಿಟ್ಟುಕೊಂಡು ಕೂತಿದ್ದ. ಪಾಸನ್ನು ತಾನೇ ಬರೆದು ಹರಿದು ಕೊಟ್ಟ. "ಹುಷಾರಾಗಿ ತಗೊಂಡ್ಹೋಗಿ, ಗಾಜು," ಎಂದಷ್ಟೇ ಹೇಳಿದ. ಇದು ನಾನು ಬರೆದದ್ದಲ್ಲ. ಅವನಿಗೆ ಬೇರೆಯೇ ಡೈಲಾಗ್ ಕೊಟ್ಟಿದ್ದೆ.

ಆರು ಕುರ್ಚಿಯ ಕೋಣೆ. ಸೂಪರಿಂಟೆಂಡೆಂಟ್, ಮೇಟ್ರನ್, ಒಬ್ಬ ವಕೀಲ. ಈ ಕಡೆ ಬಡಗಿ, ಕೈಗೆ ಪ್ಲಾಸ್ಟರ್; ಅವರ ಮಗಳು, ದೂರು ಕೊಟ್ಟವಳು; ಕೊನೆಯಲ್ಲಿ ಸಿಸ್ಟರ್. ಸೊನ್ನೆಯಮ್ಮನಿಗೆ ಕುರ್ಚಿಯಿಲ್ಲ. ಅವಳು ನಿಂತೇ ಪ್ಯಾನೆಲ್ಲನ್ನು ಪ್ಲಗ್ಗಿಗೆ ಸಿಕ್ಕಿಸಿದಳು. ಲ್ಯಾಪ್‌ಟಾಪಿನಲ್ಲಿ 12B ಎಂದು ಟೈಪ್ ಮಾಡಿ, ಎಲ್ಲರಿಗೂ ತೋರಿಸಿ, ಒತ್ತಿದಳು. ಪ್ಯಾನೆಲ್ ಕಿಣಿಕಿಣಿ ಎಂದಿತು.

12.

ಸಿಸ್ಟರ್ ಎದ್ದು ಬಂದು, ಪ್ಯಾನೆಲ್ಲಿಗೆ ಮುಖ ಹತ್ತಿರ ತಂದು, ಬಹಳ ಹೊತ್ತು ನೋಡಿದರು.

"ನಾನು ಬರೆದಿದ್ದು," ಎಂದಳು ಸೊನ್ನೆಯಮ್ಮ. "ಸಿಸ್ಟರ್ ಸರಿಯಾಗೇ ಓದಿದಾರೆ. ತಪ್ಪು ನನ್ನದು." ಧ್ವನಿ ನಡುಗಿತು. ನಡುಗಿತು ಎಂದು ಬರೆಯಬೇಡಿ ಎಂದು ಅವಳು ಹೇಳಿದ್ದಾಳೆ, ಆದರೆ ನಡುಗಿತು.

ಬಡಗಿ ಗಂಟಲು ಸರಿಮಾಡಿಕೊಂಡರು. "ನಮ್ಮಲ್ಲೂ ಹೀಗೇ ಆಗುತ್ತೆ ಕಣಮ್ಮ. ಗೂಡಿಗೆ ಹಲಗೆ ಹಿಡಿಸ್ಲಿಲ್ಲ ಅಂದ್ರೆ ಮನೆಯೋರ್ನ ಕರೆದು ಹೇಳ್ಬೇಕು. ಹೇಳ್ದೆ ಕತ್ತರ್ಸಿ ಕೂರ್ಸಿ ಬರ್ಬಾರ್ದು."

"ಹೌದು," ಎಂದಳು ಅವಳು.

ಅವರ ಮಗಳು ಸಿಸ್ಟರ್ ಕಡೆ ನೋಡಿ, ತಲೆ ತಗ್ಗಿಸಿದಳು. ವಕೀಲರು ಏನನ್ನೋ ಗೀಚಿಕೊಂಡರು. ಎಲ್ಲರೂ ಸ್ವಲ್ಪ ಹೊರಗಿರಿ, ನಾವು ಮಾತಾಡಿಕೊಂಡು ಕರೆಯುತ್ತೇವೆ ಎಂದರು ಸೂಪರಿಂಟೆಂಡೆಂಟ್.

೮. (ಇದನ್ನು ಕೊನೆ ಎಂದು ಕರೆಯಲು ನನಗೆ ಪರ್ಮಿಷನ್ ಸಿಕ್ಕಿಲ್ಲ)

ಕಾರಿಡಾರಿನ ಬೆಂಚು. ಒಂದು ತುದಿಯಲ್ಲಿ ಸಿಸ್ಟರ್, ಇನ್ನೊಂದು ತುದಿಯಲ್ಲಿ ಸೊನ್ನೆಯಮ್ಮ, ನಡುವೆ ನಾನು, ನೋಟ್‌ಬುಕ್ ತೆರೆದುಕೊಂಡು. ಈಗ ಸಿಸ್ಟರ್ ಥ್ಯಾಂಕ್ಸ್ ಹೇಳುತ್ತಾರೆ, ಇವಳ ಕಣ್ಣು ಒದ್ದೆಯಾಗುತ್ತದೆ ಎಂದು ಕಾಯುತ್ತಿದ್ದೆ.

"ಒಂಬತ್ತು ದಿನ ನನ್ನ ಕಣ್ಣನ್ನ ನಾನೇ ನಂಬದೆ ಇರೋ ಹಾಗೆ ಮಾಡಿದ್ರಿ ನೀವು," ಎಂದರು ಸಿಸ್ಟರ್.

"ಹೌದು. ತಪ್ಪಾಯ್ತು."

"ಬೇರೆ ಎಷ್ಟು ಆಸ್ಪತ್ರೆಲಿ ಇದೆ ಈ ಪ್ಯಾನೆಲ್ಲು?"

"ಮುನ್ನೂರ ನಲವತ್ತು. ಎಲ್ರಿಗೂ ಎಚ್ಚರಿಕೆ ಪತ್ರ ರೆಡಿ ಆಗ್ತಿದೆ. ಕಂಪನಿ ವಕೀಲ್ರು ನೋಡಿ ಒಪ್ಪಿದ್ಮೇಲೆ ಕಳಿಸ್ತಾರೆ. ಹೊಸ ಪ್ರೋಗ್ರಾಮ್ ಹಾಕೋಕ್ಕೆ ಒಂದೆರಡು ತಿಂಗ್ಳು ಬೇಕು."

"ಅಲ್ಲೀವರೆಗೂ?"

ಸೊನ್ನೆಯಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಎಕ್ಸ್‌ಟ್ರಾ ಬೆಡ್ ಎಲ್ಲಾ ಕಡೆ ಹಾಕ್ತಾರೆ ಕಣ್ರೀ. ಎಲ್ರೂ ಎ ಬಿ ಸಿ ಅಂತಲೇ ಇಡೋದು. ಆ ಆಸ್ಪತ್ರೆಗಳ ಫೋನ್ ನಂಬರ್ ಲಿಸ್ಟ್ ಇದೆಯಾ ನಿಮ್ಹತ್ರ?"

ಲ್ಯಾಪ್‌ಟಾಪಿನಲ್ಲಿತ್ತು. ಸಿಸ್ಟರ್ ತಮ್ಮ ಫೋನ್ ತೆಗೆದು, ಕನ್ನಡಕ ಏರಿಸಿಕೊಂಡು, ಮೊದಲ ನಂಬರ್ ಒತ್ತಿದರು. ಸೊನ್ನೆಯಮ್ಮ ಎರಡನೆಯದನ್ನು. ನಾನು ಇದನ್ನು ಬರೆದುಕೊಳ್ಳುತ್ತಿದ್ದಾಗ ಸಿಸ್ಟರ್ ನನ್ನ ಪೆನ್ನು ಕಿತ್ತುಕೊಂಡು ನೋಟ್‌ಬುಕ್ಕಿನ ಮೇಲೆಯೇ ಹದಿನೇಳು ನಂಬರ್ ಬರೆದುಕೊಟ್ಟರು.

"ನೀವೂ ಮಾಡಿ. ಕೂತ್ಕೊಂಡು ಏನ್ ನೋಡ್ತಿದೀರಾ?"

ನಾನು ಲೇಖಕ ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಆರು ಕಡೆ ಮಾಡಿದ್ದೇನೆ. ಮೂರು ಕಡೆ ಎತ್ತಲಿಲ್ಲ, ಒಂದು ಕಡೆ ಬೈದರು, ಒಂದು ಕಡೆ ನಮ್ಮಲ್ಲಿ ಬರೀ ನಂಬರ್ ಇದೆ ಎಂದರು. ಇನ್ನೊಂದು ಕಡೆ ಒಬ್ಬರು, ಅಯ್ಯೋ ನಮ್ಮಲ್ಲಿ 7A ಇದೆ, ಈಗಲೇ ಹೆಸರು ಬದಲಾಯಿಸುತ್ತೇವೆ ಎಂದು ಫೋನ್ ಇಟ್ಟುಬಿಟ್ಟರು. ಸಿ ಭಾಷೆಯ ಗಂಧಗಾಳಿ ಇಲ್ಲದ ನನ್ನಿಂದ ಇಷ್ಟಾಯಿತಲ್ಲ ಎಂದು ಒಳಗೊಳಗೇ ಖುಷಿಯಾಗಿದೆ, ಸುಳ್ಳು ಯಾಕೆ ಹೇಳಲಿ.

ಈಗ ಬಾಗಿಲು ತೆರೆದಿದೆ. ಅಟೆಂಡರ್ ಹೊರಗೆ ತಲೆ ಹಾಕಿ, "ಸಿಸ್ಟರ್, ಒಳಗೆ ಕರೀತಿದಾರೆ," ಎಂದ. ಸಿಸ್ಟರ್ ಫೋನ್ ಕಿವಿಯಲ್ಲಿಟ್ಟುಕೊಂಡೇ ಅಂಗೈ ಎತ್ತಿ ತೋರಿಸಿದರು, ನಿಲ್ಲು ಎಂದು.

ಒಳಗೆ ಏನು ತೀರ್ಮಾನವಾಯಿತು ಎಂದು ನಿಮಗೆ ತಿಳಿಯಬೇಕು. ನನಗೂ ತಿಳಿಯಬೇಕು. ಕತ್ತು ಚಾಚಿ ಇಣುಕಲು ನೋಡಿದೆ. ಸಿಸ್ಟರ್ ಚಿಟಿಕೆ ಹೊಡೆದು ನನ್ನ ಪಟ್ಟಿಯ ಏಳನೇ ನಂಬರಿಗೆ ಬೆರಳಿಟ್ಟರು. ಸೂಪರಿಂಟೆಂಡೆಂಟೇ ಎದ್ದು ಬಾಗಿಲಿಗೆ ಬಂದಿದ್ದಾರೆ, ಕೈಯಲ್ಲಿ ಒಂದು ಕಾಗದ. ಏನೋ ಹೇಳಲು ಹೊರಟವರು ಸಿಸ್ಟರಿನ ಮುಖ ನೋಡಿ ಅಲ್ಲೇ ನಿಂತಿದ್ದಾರೆ. ಆ ಕಾಗದ ಇಲ್ಲಿಂದ ನನಗೆ ಓದಲು ಬರುತ್ತಿಲ್ಲ.

"ಅದೇ, ಕೊನೇ ರೂಮಿನ ಎಕ್ಸ್‌ಟ್ರಾ ಬೆಡ್ಡು," ಎನ್ನುತ್ತಿದ್ದಾರೆ ಸಿಸ್ಟರ್ ಫೋನಿನಲ್ಲಿ. "ಯಾರಾದ್ರೂ ಹೋಗಿ ಗುಂಡಿ ಒತ್ಲಿ. ನೀವು ಪ್ಯಾನೆಲ್ ಹತ್ರ ನಿಂತ್ಕೊಂಡು ಏನ್ ಬರುತ್ತೆ ಹೇಳಿ. ಪರವಾಗಿಲ್ಲ, ನಿಧಾನವಾಗಿ ಹೋಗಿ ಬನ್ನಿ, ನಾನು ಲೈನಲ್ಲೇ ಇರ್ತೀನಿ."

ಆ ಕಡೆ ಯಾರೋ ನೋಡಿಕೊಂಡು ಬರಲು ಹೋಗಿದ್ದಾರೆ. ನಾವೆಲ್ಲ ಕಾಯುತ್ತಿದ್ದೇವೆ.